ಕೊಂಬು ಇಲ್ಲಿದೆ, ದಾಸರು ಎಲ್ಲಿ? ರೇಡಿಯೋ ಗೆಲಾಕ್ಸಿಗಳ ಮನೆ ಹುಡುಕುವ ಜನ

ಜಾತ್ರೆಯ ದಿನ ಮೈಕ್ ಸೆಟ್‌ನವರು ಎರಡು ಕೊಂಬು ಕಟ್ಟುತ್ತಾರೆ. ಒಂದು ಊರಿನ ಈ ತುದಿಯ ಮರಕ್ಕೆ, ಇನ್ನೊಂದು ಆ ತುದಿಯ ಕಂಬಕ್ಕೆ. ನೀವು ದೂರದ ಗದ್ದೆ ಬದುವಿನ ಮೇಲೆ ಕತ್ತಲಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಹರಿಕಥೆ ಎರಡೂ ಕಡೆಯಿಂದ ಕೇಳುತ್ತದೆ. ಆದರೆ ದಾಸರು ನಿಂತಿರುವುದು ಆ ಮರದ ಮೇಲೂ ಅಲ್ಲ, ಈ ಕಂಬದ ಮೇಲೂ ಅಲ್ಲ. ನಡುವೆ ಎಲ್ಲೋ ಒಂದು ಚಪ್ಪರದಲ್ಲಿ. ಅದೇ ರಾತ್ರಿ ಪಕ್ಕದ ಕೇರಿಯಲ್ಲಿ ಮದುವೆ ಇದ್ದು, ಅವರೂ ಎರಡು ಕೊಂಬು ಕಟ್ಟಿಸಿದ್ದರೆ ಇನ್ನೂ ಕಷ್ಟ. ಯಾವ ಕೊಂಬು ಯಾವ ಚಪ್ಪರದ್ದು?

ರೇಡಿಯೋ ಖಗೋಳ ವಿಜ್ಞಾನಿಗಳ ಪಾಡು ಹೆಚ್ಚುಕಡಿಮೆ ಇದೇ. ದೊಡ್ಡ ಗೆಲಾಕ್ಸಿಗಳ ನಟ್ಟನಡುವೆ ಭಾರಿ ತೂಕದ ಕಪ್ಪುಕುಳಿ ಇರುತ್ತದೆ. ಅದರತ್ತ ಸುರಿಯುವ ಅನಿಲದಲ್ಲಿ ಒಂದು ಪಾಲು ಒಳಗೆ ಬೀಳುವುದಿಲ್ಲ. ಎರಡು ಎದುರುಬದುರು ದಿಕ್ಕಿಗೆ ತೆಳು ಧಾರೆಗಳಾಗಿ, ಬೆಳಕಿನ ವೇಗಕ್ಕೆ ಹತ್ತಿರದ ವೇಗದಲ್ಲಿ ಚಿಮ್ಮುತ್ತದೆ. ಈ ಧಾರೆಗಳು ಗೆಲಾಕ್ಸಿಯನ್ನೇ ದಾಟಿ, ಲಕ್ಷಗಟ್ಟಲೆ ಜ್ಯೋತಿರ್ವರ್ಷ ದೂರ ಹೋಗಿ, ಅಲ್ಲಿನ ಅನಿಲಕ್ಕೆ ಬಡಿದು ಊದಿಕೊಳ್ಳುತ್ತವೆ. ಕಿವಿಯ ಹಾಲೆಯಂತೆ ಕಾಣುವ ಈ ಊತಗಳಿಗೆ ಹಾಲೆ ಅಂತಲೇ ಹೆಸರು. ರೇಡಿಯೋ ಚಿತ್ರದಲ್ಲಿ ಎದ್ದು ಕಾಣುವುದು ಈ ಎರಡು ಹಾಲೆಗಳು. ಅವನ್ನು ಹುಟ್ಟಿಸಿದ ಗೆಲಾಕ್ಸಿ ಎಷ್ಟೋ ಸಲ ಆ ಚಿತ್ರದಲ್ಲಿ ಕಾಣುವುದೇ ಇಲ್ಲ. ಅದನ್ನು ಬೇರೆ ದೂರದರ್ಶಕ ತೆಗೆದ, ಬೇರೆ ಬಗೆಯ ಬೆಳಕಿನ ಚಿತ್ರದಲ್ಲಿ ಹುಡುಕಬೇಕು. ಇಂಗ್ಲಿಷ್‌ನಲ್ಲಿ ಅದಕ್ಕೆ ಹೋಸ್ಟ್ ಗೆಲಾಕ್ಸಿ ಅನ್ನುತ್ತಾರೆ. ‘ಆತಿಥೇಯ’ ಅನ್ನುವ ಪದ ನನಗೆ ಯಾಕೋ ಒಗ್ಗುವುದಿಲ್ಲ. ಹಾಲೆಗಳು ಅಲ್ಲಿಗೆ ನೆಂಟರಾಗಿ ಬಂದವಲ್ಲ, ಅಲ್ಲೇ ಹುಟ್ಟಿದವು. ತಾಯಿ ಗೆಲಾಕ್ಸಿ ಅಂತ ಕರೆಯೋಣ.

ತಾಯಿ ಸಿಗದಿದ್ದರೆ ಏನು ನಷ್ಟ? ಎಲ್ಲವೂ ನಷ್ಟ. ಹಾಲೆಗಳಿಂದ ಬರುವ ರೇಡಿಯೋ ಅಲೆ ನುಣ್ಣಗಿರುತ್ತದೆ. ಅದರಲ್ಲಿ ದೂರ ಹೇಳುವ ಗುರುತು ಇರುವುದಿಲ್ಲ. ಗೆಲಾಕ್ಸಿಯ ಬೆಳಕನ್ನು ಬಣ್ಣಗಳಾಗಿ ಬಿಡಿಸಿದರೆ ಮಾತ್ರ ಅದರಲ್ಲಿ ಗೆರೆಗಳು ಕಾಣುತ್ತವೆ. ಆ ಗೆರೆಗಳು ಕೆಂಪಿನ ಕಡೆಗೆ ಎಷ್ಟು ಸರಿದಿವೆ ಅನ್ನುವುದರಿಂದ ದೂರ ತಿಳಿಯುತ್ತದೆ. ಇದಕ್ಕೆ ರೆಡ್‌ಶಿಫ್ಟ್ ಅನ್ನುತ್ತಾರೆ. ದೂರ ಗೊತ್ತಿಲ್ಲದೆ ಉದ್ದ ಗೊತ್ತಾಗದು, ಶಕ್ತಿ ಗೊತ್ತಾಗದು, ವಯಸ್ಸು ಗೊತ್ತಾಗದು. ಪಟ್ಟಿಯಲ್ಲಿ ಸುಮ್ನೆ ಎರಡು ಚುಕ್ಕೆ, ಅಷ್ಟೇ.

ಈ ತಲೆನೋವು ಹಳೆಯದು. ಸಿಗ್ನಸ್ ಎ ಆಕಾಶದ ಅತಿ ಪ್ರಖರ ರೇಡಿಯೋ ಮೂಲಗಳಲ್ಲಿ ಒಂದು. ಅದು ಯಾವ ವಸ್ತು ಅಂತ ತಿಳಿಯಲು 1951ರಲ್ಲಿ ಕೇಂಬ್ರಿಜ್‌ನ ಗ್ರಹಾಂ ಸ್ಮಿತ್ ಅದರ ಜಾಗವನ್ನು ನಿಖರವಾಗಿ ಅಳೆಯುವವರೆಗೆ ಕಾಯಬೇಕಾಯಿತು. ಆ ಜಾಗಕ್ಕೆ ಅಮೆರಿಕದ ಪಾಲೋಮಾರ್‌ನ 200 ಇಂಚಿನ ದೂರದರ್ಶಕ ತಿರುಗಿಸಿದಾಗ ಖಗೋಳ ವಿಜ್ಞಾನಿ ವಾಲ್ಟರ್ ಬಾಡೆಗೆ ಒಂದು ವಿಚಿತ್ರ ಗೆಲಾಕ್ಸಿ ಕಂಡಿತು. ಎರಡು ಗೆಲಾಕ್ಸಿಗಳು ಡಿಕ್ಕಿ ಹೊಡೆಯುತ್ತಿವೆ ಅಂತ ಬಾಡೆ ವಾದ. ರುಡಾಲ್ಫ್ ಮಿಂಕೋವ್‌ಸ್ಕಿ ಒಪ್ಪಲಿಲ್ಲ. ಇಬ್ಬರೂ ಒಂದು ಬಾಟಲಿ ವಿಸ್ಕಿ ಪಂದ್ಯ ಕಟ್ಟಿದರು. ಪಂದ್ಯ ಗೆದ್ದದ್ದು ಬಾಡೆ. ಡಿಕ್ಕಿಯ ಕಥೆ ಮಾತ್ರ ಆಮೇಲೆ ಬಿದ್ದುಹೋಯಿತು. ಮನೆ ಸರಿ, ಕಾರಣ ತಪ್ಪು.

1953ರಲ್ಲಿ ಇನ್ನೊಂದು ಆಶ್ಚರ್ಯ. ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್‌ನಲ್ಲಿ ರೋಜರ್ ಜೆನ್ನಿಸನ್ ಮತ್ತು ಕೋಲ್ಕತ್ತಾದಿಂದ ಹೋಗಿದ್ದ ಮೃಣಾಲ್ ಕುಮಾರ್ ದಾಸ್ ಗುಪ್ತಾ ಸಿಗ್ನಸ್ ಎ ಒಂದಲ್ಲ, ಎರಡು ತುಂಡು ಅಂತ ತೋರಿಸಿದರು. ಬಾಡೆ ಕಂಡ ಗೆಲಾಕ್ಸಿ ಎರಡರ ನಡುವೆ, ಖಾಲಿ ಅನಿಸುವ ಜಾಗದಲ್ಲಿ ಕೂತಿತ್ತು. ಎರಡು ಕೊಂಬು, ನಡುವೆ ದಾಸರು. ಇವತ್ತು ಜಗತ್ತಿನಾದ್ಯಂತ ವಿಜ್ಞಾನಿಗಳಿಗೆ ನೆರವಾಗುವ ಸ್ವಯಂಸೇವಕರು ಪರದೆ ಮೇಲೆ ಹುಡುಕುವ ಆಕಾರ ಮೊದಲು ಗೊತ್ತಾದದ್ದು ಹೀಗೆ.

ನಮ್ಮ ಅಕ್ಕಪಕ್ಕದಲ್ಲೇ ಈ ಕಥೆಯ ಎರಡು ಸಾಕ್ಷಿಗಳಿವೆ. ಒಂದು ಗೌರಿಬಿದನೂರು. ಅಲ್ಲಿ ಇಂಗ್ಲಿಷ್ ಟಿ ಆಕಾರದಲ್ಲಿ ಸಾಲುಗಟ್ಟಿದ ಸಾವಿರ ಆಂಟೆನಾಗಳು 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ನಕ್ಷೆ ಮಾಡಿದವು. ಅಷ್ಟು ಉದ್ದನೆಯ ಅಲೆಯಲ್ಲಿ ಕಣ್ಣು ಮಂಜಾಗಿರುತ್ತದೆ. ಆ ನಕ್ಷೆಯ ಒಂದು ಚುಕ್ಕೆ ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನಷ್ಟು ಅಗಲ. ಅಷ್ಟು ಜಾಗದಲ್ಲಿ ಸಾವಿರಾರು ಗೆಲಾಕ್ಸಿಗಳು ಇರುತ್ತವೆ. ಯಾವುದರ ಬಾಗಿಲು ತಟ್ಟುವುದು?

ಇನ್ನೊಂದು ಊಟಿ. ಗೋವಿಂದ ಸ್ವರೂಪ್ ಮತ್ತು ಅವರ ತಂಡ 1970ರಲ್ಲಿ ಮುಗಿಸಿದ 530 ಮೀಟರ್ ಉದ್ದದ ದೂರದರ್ಶಕ ಈ ಮಂಜಿಗೆ ಒಂದು ಜಾಣ ಮದ್ದು ಹುಡುಕಿತು. ಚಂದ್ರ ಸರಿಯುತ್ತಾ ರೇಡಿಯೋ ಮೂಲದ ಮುಂದೆ ಬಂದಾಗ ಅಲೆ ಥಟ್ಟನೆ ನಿಲ್ಲುತ್ತದೆ. ಚಂದ್ರನ ಅಂಚು ಆ ಕ್ಷಣ ಎಲ್ಲಿತ್ತು ಅನ್ನುವುದು ನಮಗೆ ಚೆನ್ನಾಗಿ ಗೊತ್ತು. ಅಂದ ಮೇಲೆ ಮೂಲದ ಜಾಗವೂ ಗೊತ್ತಾಯಿತು, ಅಲ್ವಾ? ಇದೇ ಉಪಾಯದಿಂದ 1962ರಲ್ಲಿ ಆಸ್ಟ್ರೇಲಿಯಾದಲ್ಲಿ 3ಸಿ 273ರ ಜಾಗ ಸಿಕ್ಕಿತ್ತು. ಮರುವರ್ಷ ಮಾರ್ಟೆನ್ ಸ್ಮಿಟ್ ಅದರ ಬೆಳಕಿನ ಗೆರೆಗಳನ್ನು ಓದಿ, ನಕ್ಷತ್ರದಂತೆ ಕಾಣುತ್ತಿದ್ದ ಆ ಚುಕ್ಕೆ ಇನ್ನೂರು ಕೋಟಿ ಜ್ಯೋತಿರ್ವರ್ಷದಷ್ಟು ದೂರ ಇದೆ ಎಂದರು. ನಕ್ಷತ್ರದಂತೆ ಕಂಡರೂ ಅತಿ ದೂರದಲ್ಲಿರುವ ಇಂಥ ಮೂಲಗಳಿಗೆ ಕ್ವೇಸಾರ್ ಅನ್ನುತ್ತಾರೆ. ಅವುಗಳ ಕಥೆ ಶುರುವಾದದ್ದೇ ಸರಿಯಾದ ವಿಳಾಸ ಸಿಕ್ಕಿದ ಮೇಲೆ.

ಆಗ ಮೂಲಗಳು ಕಡಿಮೆ, ಒಂದೊಂದಕ್ಕೂ ವರ್ಷಗಟ್ಟಲೆ ತಲೆ ಕೆಡಿಸಿಕೊಳ್ಳಬಹುದಿತ್ತು. ಈಗ ಕಣ್ಣು ಚುರುಕಾಗಿದೆ, ಆದರೆ ರಾಶಿ ಬೆಳೆದಿದೆ. ಯುರೋಪಿನ ಲೋಫಾರ್ ದೂರದರ್ಶಕ ಜಾಲ 2022ರಲ್ಲಿ ಹೊರಬಿಟ್ಟ ಪಟ್ಟಿಯಲ್ಲಿ 44 ಲಕ್ಷ ಮೂಲಗಳಿದ್ದವು. ಅದೂ ಉತ್ತರ ಆಕಾಶದ ಕಾಲು ಭಾಗಕ್ಕೆ ಸ್ವಲ್ಪ ಜಾಸ್ತಿ ಅಷ್ಟೇ. ಪಶ್ಚಿಮ ಆಸ್ಟ್ರೇಲಿಯಾದ ಆಸ್ಕ್ಯಾಪ್ ದೂರದರ್ಶಕದ ಎಮು ಸಮೀಕ್ಷೆಯಿಂದ ಸುಮಾರು 2 ಕೋಟಿ ನಿರೀಕ್ಷೆ ಇದೆ.

ಇವುಗಳಲ್ಲಿ ಜಾಸ್ತಿ ಪಾಲು ಒಂಟಿ ಚುಕ್ಕೆಗಳು. ರೇಡಿಯೋ ಚುಕ್ಕೆಯ ಮೇಲೇ ಗೆಲಾಕ್ಸಿ ಕೂತಿರುತ್ತದೆ, ಕಂಪ್ಯೂಟರ್ ಜೋಡಿಸಿಬಿಡುತ್ತದೆ. ಗೋಳು ಕೊಡುವುದು ಉಳಿದ ಸುಮಾರು ಶೇಕಡಾ 10. ಹರಡಿದವು, ಬಾಗಿದವು, ಮೂರು ನಾಲ್ಕು ತುಂಡಾದವು. ಇಂಥವುಗಳಿಗಾಗಿಯೇ 2013ರ ಡಿಸೆಂಬರ್‌ನಲ್ಲಿ ಸಾಮಾನ್ಯ ಜನ ವಿಜ್ಞಾನದ ಕೆಲಸಕ್ಕೆ ಕೈಜೋಡಿಸುವ ಝೂನಿವರ್ಸ್ ಜಾಲತಾಣದಲ್ಲಿ ರೇಡಿಯೋ ಗೆಲಾಕ್ಸಿ ಝೂ ಶುರುವಾಯಿತು. ಆಸ್ಟ್ರೇಲಿಯಾದ ಜೂಲಿ ಬ್ಯಾನ್‌ಫೀಲ್ಡ್ ಮತ್ತು ಐವಿ ವಾಂಗ್ ಅದರ ಮುಂದಾಳುಗಳು.

ಕೆಲಸ ನೋಡಲು ಸರಳ. ಪರದೆ ಮೇಲೆ ಆಕಾಶದ ಒಂದು ಚೌಕ. ಒಂದು ಬದಿ 3 ಕೋನೀಯ ನಿಮಿಷ, ಅಂದರೆ ಚಂದ್ರನ ಅಗಲದ ಹತ್ತನೇ ಒಂದು ಪಾಲು. ಒಂದು ಗುಂಡಿ ಎಳೆದರೆ ರೇಡಿಯೋ ಚಿತ್ರ ಮಾಸಿ ಇನ್‌ಫ್ರಾರೆಡ್, ಅಂದರೆ ಕೆಂಪಿಗೂ ಆಚೆಯ, ಕಣ್ಣಿಗೆ ಕಾಣದ ಬೆಳಕಿನ ಚಿತ್ರ ಮೂಡುತ್ತದೆ. ಇನ್‌ಫ್ರಾರೆಡ್ ಯಾಕೆ? ತಾಯಿ ಗೆಲಾಕ್ಸಿಗಳು ಸಾಮಾನ್ಯವಾಗಿ ಹಳೆಯ ನಕ್ಷತ್ರಗಳಿಂದ ತುಂಬಿದ ದಪ್ಪ ಗೆಲಾಕ್ಸಿಗಳು. ಹಳೆ ನಕ್ಷತ್ರಗಳು ಆ ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತವೆ, ಧೂಳಿನ ಕಾಟವೂ ಕಡಿಮೆ. ನೀವು ಮೊದಲು ಯಾವ ಯಾವ ತುಂಡುಗಳು ಒಂದೇ ಕುಟುಂಬದವು ಅಂತ ಆರಿಸಬೇಕು. ಆಮೇಲೆ ಅವುಗಳ ತಾಯಿ ಮೇಲೆ ಗುರುತು ಹಾಕಬೇಕು. ತಾಯಿ ಕಾಣದಿದ್ದರೆ ಕಾಣಲಿಲ್ಲ ಅನ್ನಬೇಕು. ಕಷ್ಟದ ಒಂದೊಂದು ಚಿತ್ರವನ್ನು 20 ಜನ ನೋಡುತ್ತಿದ್ದರು, ಸುಲಭದ್ದನ್ನು 5 ಜನ.

ನಾನೂ ಒಂದು ರಾತ್ರಿ ಇಂಥ ಚಿತ್ರಗಳ ಮುಂದೆ ಕೂತಿದ್ದೆ. ಮೊದಲ ಹತ್ತು ನೀರು ಕುಡಿದ ಹಾಗೆ ಹೋದವು. ಹನ್ನೊಂದನೆಯದರಲ್ಲಿ ಎರಡು ಹಾಲೆ, ನಡುವೆ ಮೂರು ಗೆಲಾಕ್ಸಿ. ಒಂದು ಸರಿಯಾಗಿ ಮಧ್ಯದಲ್ಲಿತ್ತು, ಆದರೆ ತೀರಾ ಮಂಕು. ಇನ್ನೊಂದು ಸ್ವಲ್ಪ ಪಕ್ಕದಲ್ಲಿ, ಪ್ರಖರ. ಇಪ್ಪತ್ತು ನಿಮಿಷ ನೋಡಿದೆ. ಟೀ ಆರಿತು. ಯಾವುದಕ್ಕೆ ಗುರುತು ಹಾಕಿದೆ ಅನ್ನುವುದೂ ಈಗ ನೆನಪಿಲ್ಲ. ಉಳಿದ 19 ಜನ ಸರಿ ಮಾಡಿರಲಿ ಅಂತ ಬೇಡಿಕೊಂಡದ್ದು ನೆನಪಿದೆ.

ಆ ಬೇಡಿಕೆಗೆ ಆಧಾರ ಇತ್ತು. 2015ರಲ್ಲಿ ಪ್ರಕಟವಾದ ಮೊದಲ ಫಲಿತಾಂಶದ ಪ್ರಕಾರ, ನೋಡಿದವರಲ್ಲಿ ಶೇಕಡಾ 75ಕ್ಕಿಂತ ಹೆಚ್ಚು ಜನ ಒಂದೇ ಉತ್ತರ ಕೊಟ್ಟ ಕಡೆ, ಅವರ ಗುರುತು ಪರಿಣತರ ಗುರುತಿನಷ್ಟೇ ನಂಬಬಹುದಾದದ್ದು. ಆದರೆ ಇದನ್ನು ‘ಜನ ಪರಿಣತರಷ್ಟೇ ಜಾಣರು’ ಅಂತ ಓದಿಕೊಂಡರೆ ಅರ್ಧ ಮಾತ್ರ ಓದಿದ ಹಾಗೆ. ಒಮ್ಮತ ಇರುವ ಕಡೆ ಮಾತ್ರ ಆ ಮಾತು. ಒಮ್ಮತ ಇಲ್ಲದ ಕಡೆ ಪರಿಣತರೂ ತಮ್ಮತಮ್ಮಲ್ಲೇ ಜಗಳ ಆಡುತ್ತಾರೆ.

2019ರ ಮೇವರೆಗೆ ನಡೆದ ಈ ಯೋಜನೆಯಲ್ಲಿ 12,000ಕ್ಕೂ ಜಾಸ್ತಿ ಜನ 22 ಲಕ್ಷಕ್ಕೂ ಜಾಸ್ತಿ ಸಲ ಚಿತ್ರ ನೋಡಿ ಗುರುತು ಹಾಕಿದರು. ಅದರಿಂದ ಸುಮಾರು ಒಂದು ಲಕ್ಷ ಮೂಲಗಳ ಪಟ್ಟಿ ಬಂತು. ಒಂದು ಲೆಕ್ಕ ಹಾಕೋಣ. ಎಮುವಿನ 2 ಕೋಟಿಯಲ್ಲಿ ಶೇಕಡಾ 10 ಅಂದರೆ 20 ಲಕ್ಷ ಕಷ್ಟದ ಚಿತ್ರಗಳು. ಒಂದಕ್ಕೆ 20 ಜನ ಅಂದರೆ 4 ಕೋಟಿ ನೋಟ. ಹಳೆಯ ವೇಗದಲ್ಲೇ ಹೋದರೆ ನೂರು ವರ್ಷದ ಹತ್ತಿರ ಬೇಕು. ಈ ಲೆಕ್ಕ ಗೊತ್ತಿರುವವರು ಯಾರೂ ‘ಇನ್ನಷ್ಟು ಜನರನ್ನು ಸೇರಿಸೋಣ’ ಅಂತಷ್ಟೇ ಹೇಳಿ ಸುಮ್ಮನಾಗಲಾರರು.

ಹಾಗಾಗಿ ಯಂತ್ರಗಳು ಬಂದವು. ಫೋಟೋದಲ್ಲಿ ಮುಖ, ಕಾರು ಗುರುತಿಸುವ ಬಗೆಯ ಕೃತಕ ಬುದ್ಧಿಯನ್ನೇ ರೇಡಿಯೋ ಚಿತ್ರಕ್ಕೆ ತಿದ್ದಿ ಕ್ಲಾರನ್ ಅನ್ನುವ ಸಾಧನ ಮಾಡಿದರು. ಅದು ಪಾಠ ಕಲಿತದ್ದು ಯಾರಿಂದ? ರೇಡಿಯೋ ಗೆಲಾಕ್ಸಿ ಝೂನ ಸ್ವಯಂಸೇವಕರು ಹಾಕಿದ ಗುರುತುಗಳಿಂದ. ಅಂದರೆ ಅವರ ಸರಿಯ ಜೊತೆ ಅವರ ತಪ್ಪನ್ನೂ ಅದು ಕಲಿಯಬಲ್ಲದು. ಲೋಫಾರ್ ತಂಡ ಕೆಲಸವನ್ನು ಪಾಲು ಮಾಡಿತು. ಸುಲಭದವು ಲೆಕ್ಕಾಚಾರಕ್ಕೆ, ದೊಡ್ಡ ಮತ್ತು ಗೋಜಲಿನವು ಜನರಿಗೆ. 13,000ಕ್ಕೂ ಜಾಸ್ತಿ ಸ್ವಯಂಸೇವಕರು ಸೇರಿದ ಆ ಯತ್ನದ ಫಲ 2023ರಲ್ಲಿ ಬಂತು. 41 ಲಕ್ಷ ಮೂಲಗಳಲ್ಲಿ ಶೇಕಡಾ 85ಕ್ಕೆ ತಾಯಿ ಸಿಕ್ಕಿತು. ದೂರದ ಒಳ್ಳೆಯ ಅಂದಾಜು ಸಿಕ್ಕದ್ದು ಶೇಕಡಾ 58ಕ್ಕೆ.

ಆ ಯೋಜನೆಯಲ್ಲಿ ನನಗೆ ಹಿಡಿಸಿದ್ದು ಈ ಶೇಕಡಾ ಲೆಕ್ಕ ಅಲ್ಲ, ಗುರುತು ಹಾಕಿದ ಮೇಲೆ ಬರುತ್ತಿದ್ದ ಪ್ರಶ್ನೆಗಳು. ಚಿತ್ರ ತೀರಾ ಹತ್ತಿರದಿಂದ ತೆಗೆದದ್ದಾ? ಎರಡು ಬೇರೆ ಮೂಲಗಳು ಇಲ್ಲಿ ಕಲಸಿಹೋಗಿವೆಯಾ? ಇದು ಆಕಾಶದ್ದೇ ಅಲ್ಲದೆ ಉಪಕರಣದ ಕಲೆಯಾ? ಅಂದರೆ ‘ನಿಮ್ಮ ಪ್ರಶ್ನೆಯೇ ಸರಿ ಇಲ್ಲ’ ಅಂತ ಹೇಳಲು ಜನರಿಗೆ ಜಾಗ ಕೊಟ್ಟಿದ್ದರು. ಯಂತ್ರ ಚೌಕದೊಳಗೆ ಉತ್ತರ ಹುಡುಕುತ್ತದೆ. ಮನುಷ್ಯ ಚೌಕದ ಆಚೆ ಏನಿದೆ ಅಂತ ಕೇಳುತ್ತಾನೆ. ಈ ಕೆಲಸದಲ್ಲಿ ಜನರ ಬೆಲೆ ಇರುವುದು ಅಲ್ಲೇ ಅಂತ ನನ್ನ ಅಭಿಪ್ರಾಯ. ಎಷ್ಟು ಸಲ ಒತ್ತಿದರು ಅನ್ನುವುದರಲ್ಲಿ ಅಲ್ಲ.

ಇದಕ್ಕೆ ಒಳ್ಳೆಯ ಉದಾಹರಣೆ ಮಾಟೋರ್ನಿ-ಟೆರೆಂಟೆವ್ ಗೆಲಾಕ್ಸಿ ಗುಚ್ಛ. ರಷ್ಯಾದ ಇಬ್ಬರು ಸ್ವಯಂಸೇವಕರ ಹೆಸರೇ ಅದಕ್ಕೆ ಬಂತು. ಅವರಿಗೆ ಸಿಕ್ಕ ಮೂಲದ ಎರಡು ಬಾಲಗಳು ಒಂದೇ ಕಡೆಗೆ ಬಾಗಿದ್ದವು. ಫ್ಯಾನ್ ಗಾಳಿಗೆ ಊದುಬತ್ತಿ ಹೊಗೆ ಬಾಗುವುದನ್ನು ನೋಡಿದ್ದೀರಲ್ಲ, ಹಾಗೆ. ಬಾಲ ಬಾಗಿದೆ ಅಂದರೆ ಸುತ್ತ ಬಿಸಿ ಅನಿಲ ಇದೆ. ಅಷ್ಟು ಅನಿಲ ಇದೆ ಅಂದರೆ ಅಲ್ಲಿ ಗೆಲಾಕ್ಸಿಗಳ ಗುಂಪೇ ಇರಬೇಕು. ಆ ಬಾಲಗಳು 3 ನಿಮಿಷದ ಚೌಕದೊಳಗೆ ಹಿಡಿಯುವ ಉದ್ದದವೇ ಅಲ್ಲ. ಚೌಕದ ಆಚೆ ನೋಡಿದ್ದಕ್ಕೇ ಪೂರ್ತಿ ಆಕಾರ ಕಂಡಿತು, ನೂರು ಕೋಟಿ ಜ್ಯೋತಿರ್ವರ್ಷಕ್ಕೂ ದೂರದ ಒಂದು ಗುಚ್ಛ ಸಿಕ್ಕಿತು. 2016ರ ಆ ಪ್ರಬಂಧದಲ್ಲಿ ಇಬ್ಬರೂ ಲೇಖಕರ ಸಾಲಿನಲ್ಲಿದ್ದಾರೆ. ಒಳಗೆಲ್ಲೋ ಕೃತಜ್ಞತೆಯ ಸಾಲಿನಲ್ಲಿ ಅಲ್ಲ.

ತಾಯಿ ತಪ್ಪಾದರೆ ಏನಾಗುತ್ತದೆ ಅನ್ನುವುದಕ್ಕೆ ಪೋರ್ಫಿರಿಯನ್ ನೋಡಿ. ಲೋಫಾರ್ ಚಿತ್ರಗಳಲ್ಲಿ ಜನ ಮತ್ತು ಯಂತ್ರ ಎರಡೂ ಸೇರಿ ಹುಡುಕಿದ ಸಾವಿರಾರು ದೈತ್ಯ ಧಾರೆಗಳಲ್ಲಿ ಅದು ಒಂದು. 2024ರ ಸೆಪ್ಟೆಂಬರ್‌ನಲ್ಲಿ ಸುದ್ದಿಯಾಯಿತು. ಉದ್ದ 2.3 ಕೋಟಿ ಜ್ಯೋತಿರ್ವರ್ಷ. ಆಗ ಗೊತ್ತಿದ್ದ ಧಾರೆಗಳಲ್ಲೇ ಅತಿ ಉದ್ದದ್ದು. ಈ ಸಂಖ್ಯೆ ಪೂರ್ತಿ ನಿಂತಿರುವುದು ತಾಯಿ ಯಾರು ಅನ್ನುವುದರ ಮೇಲೆ. ತಪ್ಪಿ ನಮಗೆ ಹತ್ತಿರದ ಗೆಲಾಕ್ಸಿಯನ್ನು ಆರಿಸಿದ್ದರೆ ದೈತ್ಯ ಸಾಮಾನ್ಯನಾಗುತ್ತಿದ್ದ. ಆ ಜಾಗದಲ್ಲಿ ಅನುಮಾನಕ್ಕೆ ಎಡೆ ಇತ್ತು. ತೀರ್ಮಾನಕ್ಕೆ ನೆರವಾದದ್ದು ನಮ್ಮ ಪುಣೆ ಬಳಿ ಖೋದಾಡ್‌ನಲ್ಲಿರುವ ಜಿಎಂಆರ್‌ಟಿ, 45 ಮೀಟರ್ ಅಗಲದ 30 ಬಟ್ಟಲುಗಳ ಜಾಲ. ಅದು ನಡುವಿನ ಧಾರೆಯನ್ನು ಹಿಡಿದು ತಾಯಿಯ ಜಾಗ ತೋರಿಸಿತು. ಹವಾಯಿಯ ಕೆಕ್ ದೂರದರ್ಶಕ 750 ಕೋಟಿ ಜ್ಯೋತಿರ್ವರ್ಷ ದೂರ ಅಂತ ಅಳೆಯಿತು.

ಇದರ ಉಲ್ಟಾ ಕೂಡ ಆಗಬಹುದು. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಚುಕ್ಕೆಗಳ ನಡುವೆ ಯಾವುದೋ ಗೆಲಾಕ್ಸಿ ಕೂತಿದ್ದರೆ, ಇಲ್ಲದ ದೈತ್ಯನೊಬ್ಬ ಹುಟ್ಟುತ್ತಾನೆ. ಅಥವಾ ಒಂದು ಹಾಲೆಯ ಹಿಂದೆ ಆಕಸ್ಮಿಕವಾಗಿ ಇರುವ ಗೆಲಾಕ್ಸಿಯನ್ನೇ ತಾಯಿ ಅಂದರೆ, ಒಂದು ದೊಡ್ಡ ಮೂಲ ಎರಡು ಚಿಕ್ಕ ಮೂಲವಾಗಿ ಪಟ್ಟಿ ಸೇರುತ್ತದೆ. ಎರಡನೆಯದೇ ಹೆಚ್ಚು ಅಪಾಯ. ಸುದ್ದಿಯಾಗುವುದಿಲ್ಲ, ಸುಮ್ನೆ ಲೆಕ್ಕ ಕೆಡಿಸುತ್ತದೆ.

ಭಾರತದಲ್ಲಿ ಈ ಕೆಲಸ ಬೇರೆ ದಾರಿ ಹಿಡಿದಿದೆ. ಮುಂಬೈನ ಖಗೋಳ ವಿಜ್ಞಾನಿ ಆನಂದ ಹೋತಾ ಅವರು 2013ರ ಏಪ್ರಿಲ್‌ನಲ್ಲಿ, ಅಂದರೆ ರೇಡಿಯೋ ಗೆಲಾಕ್ಸಿ ಝೂಗಿಂತ ಕೆಲವು ತಿಂಗಳು ಮೊದಲೇ, ರ‍್ಯಾಡ್ ಅಟ್ ಹೋಮ್ ಶುರು ಮಾಡಿದರು. ಇಲ್ಲಿ ಸುಮ್ನೆ ಬಂದು ಗುರುತು ಹಾಕಿ ಹೋಗುವಂತಿಲ್ಲ. ಮೊದಲು ಪಾಠ. ಶಿಬಿರಗಳಲ್ಲಿ, ಆನ್‌ಲೈನ್ ತರಗತಿಗಳಲ್ಲಿ ವಿಜ್ಞಾನ ಓದಿದ ಹುಡುಗ ಹುಡುಗಿಯರಿಗೆ ಚಿತ್ರ ಓದುವುದನ್ನು ಕಲಿಸುತ್ತಾರೆ. ಬೇರೆ ಬೇರೆ ಬೆಳಕಿನ ಚಿತ್ರಗಳನ್ನು ಕೆಂಪು, ಹಸಿರು, ನೀಲಿ ಮಾಡಿ ಬೆರೆಸಿ, ಅದರ ಮೇಲೆ ಜಿಎಂಆರ್‌ಟಿಯ ರೇಡಿಯೋ ನಕ್ಷೆಯ ಏರಿಳಿತ ತೋರಿಸುವ ಗೆರೆಗಳನ್ನು ಇಟ್ಟು, ಇದು ಯಾಕೆ ತಾಯಿ, ಅದು ಯಾಕೆ ಅಲ್ಲ ಅಂತ ಚರ್ಚೆ ಮಾಡುತ್ತಾರೆ. ಜನ ಕಡಿಮೆ, ಮಾತು ಜಾಸ್ತಿ. ಸಿಕ್ಕಿದ್ದು ಮಾತ್ರ ಸಣ್ಣದಲ್ಲ. ರ‍್ಯಾಡ್12 ಅನ್ನುವ ಗೆಲಾಕ್ಸಿಯ ಧಾರೆ ಪಕ್ಕದ ಗೆಲಾಕ್ಸಿಗೆ ಬಡಿದು ಅಣಬೆಯ ಹಾಗೆ ಹರಡಿದ್ದನ್ನು 2022ರಲ್ಲಿ ಪ್ರಕಟಿಸಿದರು. 2025ರ ಅಕ್ಟೋಬರ್‌ನಲ್ಲಿ ಒಂದನ್ನೊಂದು ಛೇದಿಸುವ ಎರಡು ರೇಡಿಯೋ ಉಂಗುರಗಳನ್ನು ಲೋಫಾರ್ ಚಿತ್ರದಲ್ಲಿ ಕಂಡರು. ಈ ಬಗೆಯ ವಿಚಿತ್ರ ರೇಡಿಯೋ ವೃತ್ತಗಳಲ್ಲಿ ಆವರೆಗೆ ಗೊತ್ತಿದ್ದ ಅತಿ ದೂರದ್ದು ಅದೇ.

ಈ ವೃತ್ತಗಳ ಚರ್ಚೆಯೂ ಸುತ್ತಿ ಸುತ್ತಿ ತಾಯಿಯ ಬಳಿಗೇ ಬರುತ್ತದೆ. 2019ರಲ್ಲಿ ಎಮು ಚಿತ್ರಗಳಲ್ಲಿ ಇವು ಮೊದಲು ಕಂಡಾಗ ಕೆಲವಕ್ಕೆ ನಡುವೆ ಗೆಲಾಕ್ಸಿ ಇತ್ತು, ಕೆಲವಕ್ಕೆ ಇರಲಿಲ್ಲ. ನಡುವಿನ ಗೆಲಾಕ್ಸಿಯೇ ತಾಯಿ ಆದರೆ ಉಂಗುರ ಕೋಟ್ಯಂತರ ಜ್ಯೋತಿರ್ವರ್ಷ ದೂರದ್ದು, ಅಗಾಧ ಗಾತ್ರದ್ದು. ಅಲ್ಲದಿದ್ದರೆ ಅದು ನಮ್ಮ ಮನೆ ಹತ್ತಿರದ ಸಣ್ಣ ಗುಳ್ಳೆಯೂ ಆಗಿರಬಹುದು.

ಯಂತ್ರಗಳು ಸುಲಭದ್ದನ್ನು ನುಂಗುತ್ತಾ ಹೋದಂತೆ ಜನರ ಪಾಲಿಗೆ ಬರುವುದು ಗಟ್ಟಿ ಕಾಳು ಮಾತ್ರ. ಆ ಕಾಳಿಗೆ ಸಾವಿರ ಜನರ ಅವಸರದ ಗುರುತಿಗಿಂತ, ಪಳಗಿದ ಐವತ್ತು ಜನರ ವಾದವೇ ಒಳ್ಳೆಯದು ಅಂತ ನನಗೆ ಅನಿಸುತ್ತದೆ. ಆ ಮಟ್ಟಿಗೆ ನಮ್ಮ ದೇಶದ ಮಾದರಿಗೆ ಮುಂದೆ ಬೆಲೆ ಬರಬಹುದು. ಅದರಲ್ಲಿ ಕೊರತೆಯೂ ಇದೆ. ಪದವಿ ಓದಿದವರ ಬಾಗಿಲು ಅದು. ಝೂನಿವರ್ಸ್‌ನಲ್ಲಿ ನಿವೃತ್ತ ಮೇಷ್ಟ್ರೂ ಬರಬಹುದು, ಹೈಸ್ಕೂಲ್ ಹುಡುಗಿಯೂ ಬರಬಹುದು.

ಭಾಷೆಯ ತಡೆಯೂ ಇದೆ. ಎಮುವಿನ ಜನಯೋಜನೆಯನ್ನು ರೂಪಿಸಿದವರು ಪರಿಣತರ ಸಂಕೇತ ಪದಗಳ ಬದಲು ಯಾರಿಗೂ ಅರ್ಥವಾಗುವ ಸಾದಾ ಪದಗಳಲ್ಲಿ ಆಕಾರಗಳನ್ನು ವಿವರಿಸಲು ಹೊರಟರು. ಒಳ್ಳೆಯ ಯೋಚನೆ. ಆದರೆ ಆ ಸಾದಾ ಪದಗಳು ಇಂಗ್ಲಿಷ್ ಸಾದಾ ಪದಗಳು. ಬಾಗಿದ ಬಾಲದ ಗೆಲಾಕ್ಸಿ ತೋರಿಸಿದರೆ ನಮ್ಮ ಹಳ್ಳಿ ಮಗು ಎತ್ತಿನ ಕೊಂಬು ಅಂದೀತು. ಆ ಕೊಂಬನ್ನು ಯಾವ ಪಟ್ಟಿಯಲ್ಲಿ ಬರೆದುಕೊಳ್ಳುತ್ತಾರೆ?

ಮುಂದಿನ ಅಲೆ ಹತ್ತಿರವೇ ಇದೆ. ದಕ್ಷಿಣ ಆಫ್ರಿಕಾ ಮತ್ತು ಆಸ್ಟ್ರೇಲಿಯಾದಲ್ಲಿ ಎಸ್‌ಕೆಎ ಅನ್ನುವ ಭಾರಿ ರೇಡಿಯೋ ದೂರದರ್ಶಕ ಜಾಲ ಏಳುತ್ತಿದೆ. ಭಾರತ 2024ರ ಜನವರಿಯಲ್ಲಿ ಅದಕ್ಕೆ 1,250 ಕೋಟಿ ರೂಪಾಯಿ ಒಪ್ಪಿಗೆ ಕೊಟ್ಟಿತು. ಬೆಳಕಿನ ಕಡೆ ಬಾಹ್ಯಾಕಾಶದ ಯೂಕ್ಲಿಡ್ ಮತ್ತು ಚಿಲಿಯ ರೂಬಿನ್ ದೂರದರ್ಶಕಗಳು ತುಂಬ ಮಂಕಾದ ಗೆಲಾಕ್ಸಿಗಳನ್ನೂ ತೋರಿಸುತ್ತಿವೆ. ತಾಯಿ ಕಾಣುತ್ತಿಲ್ಲ ಅಂತ ಬಿಟ್ಟ ಎಷ್ಟೋ ಹಾಲೆಗಳಿಗೆ ಇದರಿಂದ ತಾಯಿ ಸಿಗುತ್ತದೆ. ಜೊತೆಗೆ, ಮೊದಲು ಒಂದೇ ಗೆಲಾಕ್ಸಿ ಕಾಣುತ್ತಿದ್ದ ಚೌಕದಲ್ಲಿ ಈಗ ಐವತ್ತು ಕಾಣುತ್ತವೆ. ಚಪ್ಪರಗಳಿಗೆ ದೀಪ ಹಾಕಿದ್ದು ಒಳ್ಳೆಯದೇ ಆಯಿತು. ಆದರೆ ಊರ ತುಂಬ ಇಷ್ಟೊಂದು ಚಪ್ಪರ ಇವೆ ಅಂತ ಯಾರಿಗೆ ಗೊತ್ತಿತ್ತು?

ರೇಡಿಯೋ ಗೆಲಾಕ್ಸಿ ಝೂ ಶುರುವಾದಾಗ ಅದರ ಮುಂದೆ ಇದ್ದದ್ದು 1.7 ಲಕ್ಷಕ್ಕೂ ಜಾಸ್ತಿ ಮೂಲಗಳು. ಕೊನೆಯ ಪಟ್ಟಿಗೆ ಬಂದದ್ದು ಸುಮಾರು ಒಂದು ಲಕ್ಷ. ಮತಗಳು ಸಾಕಷ್ಟು ಕೂಡದವನ್ನು ಹೊರಗಿಟ್ಟರು. ನನ್ನ ಟೀ ಆರಿಸಿದಂಥ ಚಿತ್ರಗಳು ಎಷ್ಟೋ ಆ ಹೊರಗಿಟ್ಟ ರಾಶಿಯಲ್ಲಿ ಇರಬೇಕು. ರೂಬಿನ್ ಚಿತ್ರ ಕೈಗೆ ಬಂದ ದಿನ ಮೊದಲು ಆ ರಾಶಿಯನ್ನೇ ಬಿಚ್ಚಿ ನೋಡಬೇಕು.